ಬೀಕರಿನ ತಳದ ಸೋಪಿನ ಹನಿಗೆ

ಯಾರ ಕಣ್ಣಿಗೂ ಬೀಳದೆ ಬೀಕರಿನ ತಳದಲ್ಲಿ ನೆಲೆಸಿದ್ದ ಮಾನ್ಯ ಸೋಪಿನ ಹನಿಯವರೇ,

ಪ್ರಯೋಗಾಲಯದ ಮೂರನೆಯ ಮೇಜಿನ ಸಂಶೋಧನಾ ವಿದ್ಯಾರ್ಥಿನಿಯ ಸವಿನಯ ನಮಸ್ಕಾರಗಳು. ತಮ್ಮ ಘನ ಉಪಸ್ಥಿತಿಯನ್ನು ಗುರುತಿಸಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು, ಮೊದಲಿಗೆ ಅದಕ್ಕೆ ಕ್ಷಮೆ ಇರಲಿ.

ನನ್ನ ಕೆಲಸ ತಮಗೆ ತಿಳಿಯದ್ದಲ್ಲ. ಸಿಲಿಕಾ ಪುಡಿ ಬಳಿದ ಗಾಜಿನ ತಟ್ಟೆಯ ಮೇಲೆ ಎರಡು ಔಷಧಿ ಬೆರೆತ ಒಂದು ಚುಕ್ಕೆ ಇಟ್ಟು, ತಟ್ಟೆಯನ್ನು ದ್ರಾವಣದಲ್ಲಿ ನೆನೆಸಿ, ಎರಡೂ ತುದಿಗೆ ಸಾವಿರ ವೋಲ್ಟ್ ಕೊಟ್ಟರೆ, ದ್ರಾವಣ ಹರಿಯುತ್ತ ಆ ಔಷಧಿಗಳನ್ನು ಬೇರೆ ಬೇರೆ ದೂರಕ್ಕೆ ಒಯ್ಯಬೇಕು. ಒಯ್ಯುವುದೂ ಬಿಡುವುದೂ ಬೀಕರಿನಲ್ಲಿ ದ್ರಾವಣಕ್ಕೆ ಏನು ಬೆರೆಸಿದ್ದೇವೆ ಎಂಬುದರ ಮೇಲಿದೆ. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯನ್ನು ನಂಬಿ ನಾನು ಉಪ್ಪು ಬೆರೆಸಿದೆ. ಕಡಿಮೆ ಹಾಕಿದರೆ ಎರಡೂ ಹೊಸ ಮದುಮಕ್ಕಳ ಹಾಗೆ ಕೈಹಿಡಿದು ಸಾಗಿದವು, ಹೆಚ್ಚು ಹಾಕಿದರೆ ಕರೆಂಟು ಏರಿ, ತಟ್ಟೆ ಕಾದು, ದ್ರಾವಣವೇ ಆವಿಯಾಯಿತು. ಹೀಗಿರುವಾಗ ಒಂದು ಮಂಗಳವಾರ ಬೆರಳಗಲ ಅಂತರದಲ್ಲಿ ಎರಡು ಚುಕ್ಕೆಗಳು ಮೂಡಿದವು. ಗುರುಗಳು ಬೆನ್ನು ತಟ್ಟಿದರು, ಉಪ್ಪನ್ನು ಹೊಗಳಿ ಲೇಖನ ಬರೆಸಿದರು, ಅದರಲ್ಲಿ ತಮ್ಮದೇ ಹೆಸರನ್ನು ಮೊದಲು ಹಾಕಿಸಿದರು.

ಅದೇ ವಾರ ಒಂದು ಬೀಕರಿನಲ್ಲಿ ನೊರೆ ಕಂಡು, ಗಾಜು ತೊಳೆಯುವ ಅಕ್ಕನ ಮೇಲೆ ನಾನು ವಿಭಾಗದ ಮುಖ್ಯಸ್ಥರಿಗೆ ಲಿಖಿತ ದೂರು ಕೊಟ್ಟೆ. ಅಂದಿನಿಂದ ಅಕ್ಕ ಪ್ರತಿ ಬೀಕರನ್ನೂ ಏಳು ಸಲ ಜಾಲಿಸಿದರು. ಅಂದಿನಿಂದ ಚುಕ್ಕೆಗಳೂ ಬೇರ್ಪಡಲಿಲ್ಲ. ಕಾರಣ ಹುಡುಕುತ್ತ ನಾನು ಉಪ್ಪನ್ನು, ವಿದ್ಯುತ್ತನ್ನು, ಕೊನೆಗೆ ನನ್ನ ಜಾತಕವನ್ನೂ ಬೈದೆ. ಮೊನ್ನೆ ಅಕ್ಕ ರಜೆಯಲ್ಲಿದ್ದಾಗ ನಾನೇ ಅವಸರದಲ್ಲಿ ಅರೆಬರೆ ತೊಳೆದ ಬೀಕರಿನಿಂದ ಮತ್ತೆ ಎರಡು ಚುಕ್ಕೆಗಳು ಬಂದಾಗಲೇ ತಮ್ಮ ದರ್ಶನವಾದದ್ದು.

ಸೋಮವಾರ ಪರೀಕ್ಷಕರು ಕಣ್ಣಾರೆ ನೋಡಲು ಬರುತ್ತಾರೆ. ಚುಕ್ಕೆ ಬೇರ್ಪಡದಿದ್ದರೆ ನನ್ನ ಪದವಿ ಇಲ್ಲ. ಆದ್ದರಿಂದ ತಾವು ಅಂದು ಹನ್ನೊಂದು ಗಂಟೆಗೆ ಸರಿಯಾಗಿ, ಉಪ್ಪಿನ ವೇಷದಲ್ಲಿ, ನೊರೆ ಮನೆಯಲ್ಲೇ ಬಿಟ್ಟು ದಯಮಾಡಿಸಬೇಕೆಂದು ಬೇಡಿಕೊಳ್ಳುವವಳಿದ್ದೆ. ಆದರೆ ತಮ್ಮ ಪ್ರಮಾಣ ನನ್ನ ಅಳತೆಗೆ ಸಿಗುತ್ತಿಲ್ಲ. ಹೆಚ್ಚಾದರೆ ನೊರೆ, ಕಡಿಮೆಯಾದರೆ ಮತ್ತದೇ ಮದುಮಕ್ಕಳು. ಹಾಗಾಗಿ ಮೊದಲು ಹೇಗೆ ತೊಳೆಯುತ್ತಿದ್ದಿರೋ ಹಾಗೆಯೇ ಒಮ್ಮೆ ತೊಳೆದುಕೊಡಿ ಎಂದು ಅಕ್ಕನನ್ನು ಕೇಳಿದೆ. ಅವರು ಕೈ ಒರೆಸಿಕೊಳ್ಳುತ್ತ ಹೇಳಿದರು:

"ತೊಳೆದುಕೊಡ್ತೀನಿ. ಆದ್ರೆ ನೀವು ಬರೆದ ಕಾಗದ ಇನ್ನೂ ನನ್ನ ಫೈಲಲ್ಲಿದೆ. ಅದಕ್ಕೇ ನನ್ನ ಕೆಲಸ ಕಾಯಂ ಆಗಿಲ್ಲ. ಮೊದಲು ಅದನ್ನ ತೆಗೆಸಿ."

ನನಗೆ ಅದು ಗೊತ್ತೇ ಇರಲಿಲ್ಲ. ದೂರು ಹಿಂಪಡೆಯಬೇಕಾದರೆ ಕಾರಣ ಬರೆಯಬೇಕು, ಕಾರಣ ಬರೆದರೆ ಉಪ್ಪಿನ ಲೇಖನ ಸುಳ್ಳಾಗುತ್ತದೆ. ಎರಡು ದಿನ ಯೋಚಿಸಿ, ಇಂದು ಬೆಳಿಗ್ಗೆ ಬರೆದುಕೊಟ್ಟೆ: ಚುಕ್ಕೆಗಳನ್ನು ಬೇರ್ಪಡಿಸಿದ್ದು ಉಪ್ಪಲ್ಲ, ಸೋಪು, ಸೋಪನ್ನು ಉಳಿಸಿದ್ದು ಅಕ್ಕ. ಆದಕಾರಣ ವೇಷದ ಕೋರಿಕೆಯನ್ನು ಕೈಬಿಟ್ಟಿದ್ದೇನೆ. ಸೋಮವಾರ ತಾವು ತಮ್ಮ ಸ್ವಂತ ಹೆಸರಿನಲ್ಲೇ ಬನ್ನಿ.

ಇನ್ನು ಮುಂದೆ ಬೀಕರಿನ ತಳ ನೋಡಿಯೇ ಮಾತಾಡುವ,
ತಮ್ಮ ವಿಶ್ವಾಸಿ,
ಮೂರನೆಯ ಮೇಜಿನವಳು

ಮರೆತ ಮಾತು: ಲೇಖನದಲ್ಲಿ ತಮ್ಮದೇ ಹೆಸರು ಮೊದಲಿರಬೇಕೆಂದಿದ್ದ ಗುರುಗಳು, ಸೋಪಿನ ಸುದ್ದಿ ಕೇಳಿದ ಮೇಲೆ, ಇದು ಸಂಪೂರ್ಣವಾಗಿ ನನ್ನೊಬ್ಬಳದೇ ಸಂಶೋಧನೆ ಎಂದು ಉದಾರವಾಗಿ ಒಪ್ಪಿಕೊಂಡಿದ್ದಾರೆ. ತಿದ್ದಿ ಬರೆದ ಲೇಖನದಲ್ಲಿ ಅವರ ಹೆಸರು ತೆಗೆದ ಜಾಗ ಖಾಲಿಯಿತ್ತು. ಅಲ್ಲಿ ಅಕ್ಕನ ಹೆಸರು ಬರೆದಿದ್ದೇನೆ.