ಏಳು ಚಿಲಕದ ಮಾಮಾ

೧೯೯೪ರಲ್ಲಿ, ಒಂಬತ್ತನೇ ಇಯತ್ತೆಗೆ, ನಾನು ಶಾಲೆ ಬಿಟ್ಟೆ. ಆಮೇಲೆ ನನಗೆ ಗುರು ಎಂದು ಸಿಕ್ಕವನು ಒಬ್ಬನೇ, ನಮ್ಮ ಸೋದರಮಾವ. ಅಂಥ ಧೈರ್ಯವಂತ ಹಳಿಯಾಳ ತಾಲೂಕಿನಲ್ಲೇ ಇಲ್ಲ! ಬಾವಿಗೆ ಬಿದ್ದ ಎಮ್ಮೆಗೆ ಹಗ್ಗ ಕಟ್ಟಲು ಊರೆಲ್ಲ ಮುಖ ಮುಖ ನೋಡುತ್ತಿದ್ದಾಗ ಧೋತರ ಕಟ್ಟಿ ಇಳಿದವನು ಅವನು. ಈ ಜಗತ್ತಿನಲ್ಲಿ ಅವನು ಅಂಜುತ್ತಿದ್ದದ್ದು ಒಂದೇ ಒಂದಕ್ಕೆ. ಜೋಯಿಡಾ ಕಾಡಿನ ಹುಲಿಗೆ ಅಂದುಕೊಂಡಿರಾ? ಅಲ್ಲ! ತನ್ನ ಮನೆಯ ಚಿಲಕಕ್ಕೆ!

ಮಾಮಾ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ರಿಟೈರಾಗಿ ತೇರಗಾಂವದಲ್ಲಿ ಮನೆ ಕಟ್ಟಿದ. ಅಲ್ಲಿಂದ ಶುರುವಾಯಿತು ನೋಡಿ. ಮನೆಯಿಂದ ಹೊರಬಿದ್ದರೆ ಚಿಲಕ ಹಾಕುವುದು, ಕೀಲಿ ಹಾಕುವುದು, ಮೂರು ಸಲ ಜಗ್ಗುವುದು. ಬಸ್ ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಮತ್ತೆ ಅನುಮಾನ. ಹಿಂದಕ್ಕೆ ಓಟ! ಬಸ್ಸು ಮುಂದಕ್ಕೆ ಓಟ! ಕೊನೆಗೆ ಕಂಡಕ್ಟರನೇ ಒಂದು ದಾರಿ ಹುಡುಕಿದ: "ಮಾಮಾರ, ನಿಮ್ಮ ಬಾಗಲಾನ ಕಿತ್ತ ಬಸ್ಸಿನ ಮ್ಯಾಲೆ ಹಾಕ್ರಿ. ಸಂಗಾಟ ಒಯ್ಯೂಣು!"

ಅತ್ತೆ ಮನೆಯಲ್ಲೇ ಇದ್ದ ದಿನವಾದರೂ ಸುಮ್ಮನಿರುತ್ತಿದ್ದನೇ? ಆಗಲೂ ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದ.

"ಬಾಗಲಾ ಹಾಕೇತೇನು?"

"ನಾ ಒಳಗ ಕುಂತೇನ್ರಿ. ನಾ ಏನ ಬದನೀಕಾಯೇನು, ಕಳ್ಳ ಬಂದ್ರ ಸುಮ್ಮ ಕುಂದರಾಕ?" ಎಂದು ಅತ್ತೆ ಲಟ್ಟಣಿಗೆ ತೋರಿಸುತ್ತಿದ್ದಳು.

ಹಟ ಮಾಡಿ ಬಸ್ಸು ಹತ್ತಿಸಿದರೆ ಇನ್ನೊಂದು ಕತೆ. ಎದೆ ಢವಢವ, ಮೈಯೆಲ್ಲ ಬೆವರು, ಉಸಿರು ಸಾಲದು. "ನಾ ಹ್ವಾದ್ನಲೇ ತಮ್ಮಾ!" ಎಂದು ನನ್ನ ಅಂಗಿ ಹಿಡಿದುಕೊಳ್ಳುತ್ತಿದ್ದ. ಎರಡು ಸಲ ಇಸಿಜಿ ತೆಗೆಸಿದೆವು. ಎದೆ ಗಟ್ಟಿಯಾಗಿದೆ ಎಂದರು. "ಎದಿ ಗಟ್ಟಿ ಐತಿ ಅಂತ ಬರದ ಕೊಟ್ಟಾರ. ಚೌಕಟ್ಟ ಹಾಕಿಸಿ ಗ್ವಾಡಿಗೆ ಹಚ್ಚೂಣು, ಓದ್ಕೋತ ಕುಂದರ್ರಿ!" ಎಂದಳು ಅತ್ತೆ.

ಇನ್ನು ನಾನು ಸುಮ್ಮನಿರುವವನೇ? ಹಳಿಯಾಳದಲ್ಲಿ ನನ್ನದು ವೆಲ್ಡಿಂಗ್ ಅಂಗಡಿ. ಕಬ್ಬಿಣದಲ್ಲಿ ಪರಿಹಾರವಿಲ್ಲದ ಕಷ್ಟ ಯಾವುದಿದೆ ಎಂದು ನಂಬಿದವನು ನಾನು! ಮಾಮಾನ ಬಾಗಿಲಿಗೆ ಎರಡನೇ ಚಿಲಕ ಬೆಸೆದು ಕೊಟ್ಟೆ. ಒಂದು ವಾರ ಸುಖ. ಮತ್ತೆ ಅಂಜಿಕೆ. ಮೂರನೆಯದು ಹಾಕಿದೆ, ಅರ್ಧ ಇಂಚಿನ ಸಲಾಕೆಯದು. ಹೀಗೆ ಏಳು! ಬ್ಯಾಂಕಿನವರು ಬಂದು ನೋಡಿ ಕಲಿಯಬೇಕು, ಅಂಥ ಬಾಗಿಲು! ಫಲ ಏನಾಯಿತು? ಮೊದಲು ಒಂದು ಚಿಲಕ ನೋಡಲು ತಿರುಗಿ ಬರುತ್ತಿದ್ದವನು ಈಗ ಏಳು ನೋಡಲು ಬರತೊಡಗಿದ!

ಇಷ್ಟೇ ಆಗಿದ್ದರೆ ನಗುತ್ತಲೇ ದಿನ ಹೋಗುತ್ತಿದ್ದವು. ಆದರೆ ಮಾಮಾನಿಗೆ ಒಬ್ಬಳೇ ಮಗಳು. ಮುಂಡಗೋಡದ ಕಡೆ ಮಳಗಿ ಊರಿಗೆ ಕೊಟ್ಟಿದೆ. ನಾಗರ ಪಂಚಮಿಗೆ ಮಗಳನ್ನು ತವರಿಗೆ ಕರೆಯಲು ಅಣ್ಣತಮ್ಮಂದಿರು ಹೋಗಬೇಕು, ಅವರಿಲ್ಲದಿದ್ದರೆ ಅಪ್ಪ ಹೋಗಬೇಕು. ಮೂರು ಪಂಚಮಿ ಅಪ್ಪ ಹೋಗಲಿಲ್ಲ. ಉಂಡಿಯ ಡಬ್ಬಿ ಹಿಡಿದು ನಾನೇ ಹೋದೆ. ಮೂರನೇ ಸಲ ಅವಳು ಡಬ್ಬಿ ತೆಗೆದುಕೊಂಡಳು, ಚಹಾ ಕೊಟ್ಟಳು, ಆಮೇಲೆ ಕೇಳಿದಳು: "ನಿಜಾ ಹೇಳು. ಅಪ್ಪಗ ನನ್ನ ಮ್ಯಾಲೆ ಸಿಟ್ಟೈತೇನು? ಓಣ್ಯಾಗ ಎಲ್ಲಾರೂ ಕೇಳ್ತಾರ, ನಿಮ್ಮಪ್ಪ ಒಮ್ಮೆನೂ ಹೊಸಲಿ ದಾಟಿಲ್ಲಲ್ಲಾ ಅಂತ." ಚಿಲಕದ ಸಲುವಾಗಿ ಬಂದಿಲ್ಲವ್ವಾ ಎಂದು ಹೇಗೆ ಹೇಳಲಿ? ಹೇಳಿದರೆ ಯಾರು ನಂಬುತ್ತಾರೆ?

ಮರುವಾರವೇ ಹೇಳಿಬಿಟ್ಟೆ: "ಮಾಮಾ, ಧಾರವಾಡಕ್ಕ ಹೋಗೂಣು. ಮನಸಿನ ಡಾಕ್ಟರಿಗೆ ತೋರಸೂಣು."

ನಮ್ಮ ಕಡೆ ಧಾರವಾಡಕ್ಕೆ ಅರಿವೆ ತರಲು ಹೋಗಬಹುದು, ಪೇಡೆ ತರಲು ಹೋಗಬಹುದು. ಡಾಕ್ಟರಿಗೆ ತೋರಿಸಲು ಎಂದರೆ ಊರಿನ ಅರ್ಧ ಜನ ಪಾಪ ಅನ್ನುತ್ತಾರೆ, ಇನ್ನರ್ಧ ಜನ ನಗುತ್ತಾರೆ. ಮಾಮಾ ಉರಿದೆದ್ದ. "ನನ್ನ ಹುಚ್ಚ ಮಾಡಿದೇನಲೇ ಮಗನ!" ಅತ್ತೆ ಒಳಗಿನಿಂದಲೇ ಕೂಗಿದಳು: "ಹುಚ್ಚ ಇದ್ದಿದ್ರ ಒಂದ ಸಲ ನೋಡಿ ಬಿಡ್ತಿದ್ರಿ. ಸುಮ್ಮ ನಡೀರಿ!"

ಡಾಕ್ಟರಮ್ಮ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. "ಎಷ್ಟು ಚಿಲಕಾ ಅದಾವ್ರಿ?"

"ಏಳ್ರಿ."

"ಯಾರು ಮಾಡಿದ್ದು?"

ನಾನು ಎದೆಯುಬ್ಬಿಸಿದೆ. "ನಾನ ರೀ ಮೇಡಂ! ಒಂದ ಬಿಟ್ಟ ಉಳಿದದ್ದೆಲ್ಲಾ ನಂದ ಕೈಕೆಲಸ!"

"ಹಂಗಾರ ಅರ್ಧಾ ಗುಳಿಗಿ ನಿಮಗ ಬರದ ಕೊಡಬೇಕು," ಎಂದರು! "ಅಂಜಿಕಿ ಅಂದ್ರ ಬಾಗಲದಾಗಿನ ನಾಯಿ ಇದ್ದಂಗ್ರಿ. ಬೊಗಳಿದಾಗೊಮ್ಮೆ ರೊಟ್ಟಿ ಹಾಕಿದ್ರ ಬೊಗಳೂದು ಬಿಡತೈತೇನು? ತಿರುಗಿ ಹೋಗಿ ನೋಡೂದ ಆ ರೊಟ್ಟಿ. ನೀವು ಆರು ರೊಟ್ಟಿ ಬೆಸದ ಕೊಟ್ಟೀರಿ!"

ಇದು ಹುಚ್ಚಲ್ಲ, ಎದೆಯ ರೋಗವಲ್ಲ, ಪುಕ್ಕಲುತನವೂ ಅಲ್ಲ, ಆತಂಕದ ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ ಎಂದರು. ದಿನಕ್ಕೊಂದು ಗುಳಿಗೆ ಬರೆದರು. ಗುಣ ಕಾಣಲು ಕೆಲವು ವಾರ ಬೇಕು, ಕೇಳದೆ ಗುಳಿಗೆ ನಿಲ್ಲಿಸಕೂಡದು. ಜೊತೆಗೆ ಅಭ್ಯಾಸ: ಚಿಲಕ ಒಂದೇ ಸಲ ಹಾಕಬೇಕು, ಹೊರಡಬೇಕು, ತಿರುಗಬಾರದು. ಅಂಜಿಕೆ ಏರುತ್ತದೆ, ಏರಲಿ. ನೋಡದೆ ಬಿಟ್ಟರೆ ತಾನೇ ಇಳಿಯುತ್ತದೆ.

ಮಾಮಾನಿಗೆ ನಂಬಿಕೆ ಬರಲಿಲ್ಲ. "ತಾನ ಹೆಂಗ ಇಳೀತೈತಿ?"

"ಬಿಸಿ ಬೆಸುಗಿಗೆ ನೀರ ಹೊಯ್ದ್ರ ಏನಾಗತೈತಿ ಮಾಮಾ?"

"ಬಿರಕ ಬಿಡತೈತಿ. ಅದರ ಪಾಡಿಗೆ ಆರಾಕ ಬಿಡಬೇಕು. ಇದನ್ನ ನಿನಗ ಕಲಿಸಿದಾಂವ ನಾನಲೇ!" ಎಂದವನು ತಟ್ಟನೆ ಬಾಯಿ ಮುಚ್ಚಿದ. ಡಾಕ್ಟರಮ್ಮ ನಕ್ಕರು.

ಮರುದಿನ ನನ್ನ ಕೈಯಾರೆ ಮಾಡಿದ ಆರು ಚಿಲಕಗಳನ್ನು ನನ್ನ ಕೈಯಾರೆ ಗ್ರೈಂಡರಿನಿಂದ ಕೊಯ್ದೆ. ಎಂಥ ಬೆಸುಗೆ ಅಂತೀರಿ! ಬಿಡಲೊಲ್ಲದು! ಹೊಟ್ಟೆ ಉರಿಯಿತು, ಜೊತೆಗೆ ಹೆಮ್ಮೆಯೂ ಆಯಿತು!

ಉಳಿದ ಒಂದನ್ನು ಹಾಕಿ ಬಸವಣ್ಣನ ಕಟ್ಟೆಯ ಮೇಲೆ ಮಾಮಾನನ್ನು ಕೂರಿಸುವುದು ಅಭ್ಯಾಸದ ಮೊದಲ ಪಾಠ. "ಬಾಗಲಾ ಹಾಕೇತಲ್ಲಾ?" ಎಂದು ಅವನು ಕೇಳಿದರೆ ಹೌದು ಎನ್ನಬಾರದು, ಅದೂ ಒಂದು ರೊಟ್ಟಿಯೇ ಅಂತೆ. ಅವನು ಕೇಳಿದಾಗೆಲ್ಲ ಅತ್ತೆ ಮಾತು ತಿರುಗಿಸಿ, "ಜ್ವಾಳಾ ಬೀಸಗೊಂಡ ಬರಬೇಕ್ರಿ," ಎನ್ನುತ್ತಿದ್ದಳು. ಮೊದಲ ದಿನ ಇಡೀ ಊರಿಗಾಗುವಷ್ಟು ಜೋಳ ಬೀಸಬೇಕಾಯಿತು! ಎರಡು ಸಲ ಕಟ್ಟೆ ಬಿಟ್ಟು ಓಡಿಯೂ ಹೋದ. ಧಾರವಾಡಕ್ಕೆ ಎಷ್ಟೋ ಸಲ ತಿರುಗಿದೆವು. ತಿಂಗಳುಗಳು ಕಳೆದಂತೆ ಜೋಳ ಕಡಿಮೆಯಾಯಿತು.

ಪಂಚಮಿ ಬಂತು. ಮಾಮಾ ಚಿಲಕ ಹಾಕಿದ, ಒಂದೇ ಸಲ. ಬಸ್ಸು ಹತ್ತಿದ ಮೇಲೆ ಅತ್ತೆ ಉಂಡಿಯ ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟಳು. ಮುಂಡಗೋಡ ಇನ್ನೂ ದೂರ ಇರುವಾಗಲೇ ನನ್ನ ಮೊಣಕಾಲು ಹಿಡಿದ. ಕೈ ತಣ್ಣಗೆ. "ಬಂತಲೇ."

"ಬರ್ಲಿ ಮಾಮಾ. ಅದು ಟಿಕೀಟ ತಗಸಿಲ್ಲ, ತಾನ ಇಳೀತೈತಿ."

ಇಳಿಯಿತು! ಮುಂಡಗೋಡ ಮುಟ್ಟುವ ಮೊದಲೇ! ಬೆವರು ಒರೆಸಿಕೊಂಡು ಮಾಮಾ ಒಂದು ಉಂಡಿ ತಿಂದ. ಡಬ್ಬಿ ಮಗಳಿಗೆ ಎಂಬುದನ್ನೂ ಮರೆತು!

ಮಳಗಿಯ ಆ ಮನೆಯ ಹೊಸ್ತಿಲಲ್ಲಿ ಮಗಳು ಅಪ್ಪನನ್ನು ನೋಡಿ ಸಾರಣೆ ಅರ್ಧಕ್ಕೇ ಬಿಟ್ಟು, ಅರಿವೆ ಹಿಡಿದು ಹಾಗೇ ನಿಂತಳು. ಅಪ್ಪನ ಬಾಯಲ್ಲಿ ಸಾವಿರ ಸಲ ಕೇಳಿದ ಮಾತನ್ನೇ ಅಪ್ಪನಿಗೆ ಕೇಳಿದಳು:

"ಅಪ್ಪಾ, ಬಾಗಲಾ ಹಾಕಿ ಬಂದೀಯಿಲ್ಲೋ?"

ಮಾಮಾ ಹೊಸ್ತಿಲು ದಾಟಿದ. "ಗೊತ್ತಿಲ್ಲವ್ವಾ," ಎಂದ. "ನಾ ಅಂತೂ ಬಂದೇನಿ."

ನಾನು ಶಾಲೆ ಬಿಟ್ಟದ್ದು ಅಪ್ಪ ತೀರಿಕೊಂಡಿದ್ದರಿಂದ. ದಾಂಡೇಲಿಯ ಬಂಗೂರನಗರದ ತನ್ನ ಕ್ವಾರ್ಟರ್ಸಿಗೆ ನನ್ನನ್ನು ಕರೆದೊಯ್ದು ವೆಲ್ಡಿಂಗ್ ರಾಡು ಹಿಡಿಯಲು ಕಲಿಸಿದವನು ಮಾಮಾ. ಕಿಡಿ ಹಾರಿಸುವ ಮೊದಲು ದಿನಾಲೂ ನನ್ನ ಕಪ್ಪು ಕನ್ನಡಕವನ್ನು ಮೂರು ಸಲ ಮುಟ್ಟಿ ನೋಡುತ್ತಿದ್ದ. ಆಗ ನನಗೆ ರೇಗುತ್ತಿತ್ತು.

ಈಗ ನನ್ನ ಹತ್ತಿರ ಇರುವುದಿಷ್ಟು: ಒಂದು ಅಂಗಡಿ, ಎರಡು ವೆಲ್ಡಿಂಗ್ ಮಷೀನು, ಒಂದು ಚೀಲದಲ್ಲಿ ಆರು ಚಿಲಕ, ಒಬ್ಬ ಮಾಮಾ, ನೆಟ್ಟಗಿರುವ ಎರಡು ಕಣ್ಣು.