ಗ್ಲೋಬ್ ಮೇಡಂ ಮತ್ತು ಮೊದಲ ಕರಡಿ

"ಈ ರಜೆ ಮುಗಿಯೋದ್ರೊಳಗೆ ನನ್ನ ಕಾದಂಬರಿಯ ಮೊದಲ ಕರಡು ಹೊರಗೆ ಬರ್ಲಿಲ್ಲ ಅಂದ್ರೆ, ಇನ್ನು ಜನ್ಮದಲ್ಲಿ ಪೆನ್ನು ಮುಟ್ಟಲ್ಲ!"

ಬೇಸಿಗೆ ರಜೆಯ ಮೊದಲ ಬೆಳಗ್ಗೆ, ತಿಂಡಿಯ ಮೇಜಿನ ಮುಂದೆ ಎದ್ದು ನಿಂತು, ಚಮಚವನ್ನು ಖಡ್ಗದಂತೆ ಮೇಲೆತ್ತಿ ಗ್ಲೋಬ್ ಮೇಡಂ ಈ ಭೀಷಣ ಪ್ರತಿಜ್ಞೆ ಮಾಡಿದರು. ಚಮಚದ ತುದಿಯಲ್ಲಿದ್ದ ಜಾಮ್ ಹಾರಿ ಗಂಡನ ಕನ್ನಡಕದ ಮೇಲೆ ಬಿತ್ತು.

"ನೀನು ಬರೆಯೋದು ಲ್ಯಾಪ್‌ಟಾಪಲ್ಲಲ್ವಾ? ಪೆನ್ನು ಈಗ್ಲೂ ಮುಟ್ಟಲ್ವಲ್ಲ," ಎಂದರು ಗಂಡ, ಕನ್ನಡಕ ಒರೆಸಿಕೊಳ್ಳುತ್ತಾ.

"ಕರಡೀನಾ?" ಎಂದು ಬೆಚ್ಚಿಬಿದ್ದರು ಅತ್ತೆ. ಅವರ ಕಿವಿ ಮಂದವೇನಲ್ಲ. ಹೇಳಿದ್ದನ್ನು ಬಿಟ್ಟು ತನಗೆ ಬೇಕಾದ್ದನ್ನು ಕೇಳಿಸಿಕೊಳ್ಳುವ ಸ್ವತಂತ್ರ ಕಿವಿ, ಅಷ್ಟೆ. "ಮನೆಯೊಳಗೆ ಎಲ್ಲಿತ್ತೇ ಅದು ಇಷ್ಟು ದಿನ?"

"ಕರಡಿ ಅಲ್ಲ ಅತ್ತೆ, ಕರಡು! ಮೊದಲ ಸಲ ಒರಟೊರಟಾಗಿ ಬರೆದು ಹಾಕೋದು."

"ಒರಟೊರಟಾಗಿದ್ರೆ ಅದು ಕರಡೀನೇ ಬಿಡು," ಎಂದು ಅತ್ತೆ ತೀರ್ಪು ಕೊಟ್ಟರು. ಅಂದಿನಿಂದ ಆ ಮನೆಯಲ್ಲಿ ಕಾದಂಬರಿಗೆ ಕರಡಿ ಎಂಬ ಹೆಸರೇ ಖಾಯಂ ಆಯಿತು.

ಮೇಡಂ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದರು. ಇಡೀ ಭೂಮಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ತರಗತಿಗೆ ಹೋಗುತ್ತಿದ್ದುದರಿಂದ ಮಕ್ಕಳು ಇಟ್ಟ ಹೆಸರು ಗ್ಲೋಬ್ ಮೇಡಂ. ಅವರ ಸಣ್ಣ ಕತೆಗಳು ಪತ್ರಿಕೆಗಳಲ್ಲಿ ಬಂದು ನಾಲ್ಕು ಜನ ಒಳ್ಳೆಯ ಮಾತಾಡಿದ್ದರು. ಕಾದಂಬರಿ ಮಾತ್ರ ಪ್ರತಿ ಸಲವೂ ನಡುದಾರಿಯಲ್ಲಿ ಕೈಕೊಡುತ್ತಿತ್ತು. ಮೊದಲನೆಯದರ ನಾಯಕ ಬಸ್ಸಿಗೆ ಕಾಯುತ್ತಾ ಇಂದಿಗೂ ನಿಂತೇ ಇದ್ದಾನೆ. ಎರಡನೆಯದರ ನಾಯಕಿ 'ನಿಮಗೊಂದು ಮಾತು ಹೇಳಬೇಕು' ಎಂದು ಬಾಯಿ ತೆರೆದವಳು ಇನ್ನೂ ಮುಚ್ಚಿಲ್ಲ. ಇದು ಹೇಗೋ ಸ್ಟಾಫ್ ರೂಮಿಗೆ ತಿಳಿದು, ಡ್ರಾಯಿಂಗ್ ಮೇಷ್ಟ್ರು ಅವರಿಗೆ 'ಅರ್ಧಕಾದಂಬರೀಶ್ವರಿ' ಎಂಬ ಬಿರುದು ದಯಪಾಲಿಸಿದ್ದರು. ಎಲ್ಲರೊಂದಿಗೆ ಮೇಡಂ ಕೂಡ ನಕ್ಕರು. ಮನೆಗೆ ಬಂದು ಮುಖ ತೊಳೆಯುವಾಗ ಮಾತ್ರ ನಲ್ಲಿಯನ್ನು ಬಹಳ ಹೊತ್ತು ತೆರೆದೇ ಇಟ್ಟರು. ಪ್ರಕಾಶಕರೂ ಸೌಮ್ಯವಾಗಿಯೇ ಹೇಳಿದ್ದರು: "ಪೂರ್ತಿ ಆದ್ರೆ ತನ್ನಿ ಮೇಡಂ. ಪೂರ್ತಿ ಆದ್ರೆ ಮಾತ್ರ."

ಗಂಡ ಸಾಬೂನು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇಷ್ಟು ವರ್ಷ ಹೆಂಡತಿಯ ಬರವಣಿಗೆ ಅವರಿಗೆ ಅರ್ಥವಾಗದ ವ್ಯವಹಾರವಾಗಿತ್ತು. ಈಗ ಗಡುವು, ಗುರಿ, ಉತ್ಪಾದನೆ ಎಂಬೆಲ್ಲ ಪರಿಚಿತ ಪರಿಮಳ ಮೂಗಿಗೆ ಬಡಿಯುತ್ತಲೇ ಅವರ ಮುಖ ಅರಳಿತು. ಮಾರನೆಯ ದಿನ ಮೇಜಿನ ಎದುರಿನ ಗೋಡೆಯಲ್ಲಿ ಒಂದು ಕಪ್ಪು ಹಲಗೆ ನೇತಾಡುತ್ತಿತ್ತು. ಒಂದು ಕಡೆ 'ಇಂದಿನ ಗುರಿ', ಇನ್ನೊಂದು ಕಡೆ 'ಇಂದಿನ ಉತ್ಪಾದನೆ'.

"ಇದೇನ್ರೀ ಇದು?"

"ನೋಡು, ನಿನ್ನ ಹಳೇ ಎರಡು ಕಾದಂಬರಿ ಯಾಕೆ ಸತ್ತೋದ್ವು? ಲೈನ್ ನಿಂತಿದ್ದಕ್ಕೆ! ಲೈನ್ ಒಂದ್ಸಲ ನಿಂತ್ರೆ ಸಾಬೂನು ಮೆಷಿನ್ನಲ್ಲೇ ಗಟ್ಟಿಯಾಗಿ ಕೂತ್ಬಿಡುತ್ತೆ. ಆಮೇಲೆ ಉಳಿ ತಗೊಂಡು ಕೆತ್ತಬೇಕು. ಕೆಟ್ಟ ಸಾಬೂನಾದ್ರೂ ಪರವಾಗಿಲ್ಲ, ಬರ್ತಾ ಇರ್ಲಿ. ಕೆಟ್ಟಿದ್ದನ್ನ ಕರಗಿಸಿ ಮತ್ತೆ ಹಾಕಿದ್ರಾಯ್ತು."

"ನಾನು ಬರೀತಿರೋದು ಸಾಹಿತ್ಯ ಕಣ್ರೀ, ಸಾಬೂನಲ್ಲ!"

"ಎರಡರಲ್ಲೂ ನೊರೆ ಬರ್ಬೇಕು ತಾನೆ?" ಎಂದು ಸೂಪರ್‌ವೈಸರ್ ಜೇಬಿನಿಂದ ಸೀಟಿ ತೆಗೆದು ಊದಿಯೇಬಿಟ್ಟರು. ಕೆಲಸ ಶುರು!

ಶುರುವಿನಲ್ಲಿ ಕರಡಿ ಚೆನ್ನಾಗಿಯೇ ಓಡಿತು. ಕಥಾನಾಯಕಿ ಬೆಳಗಿನ ಜಾವ ಟ್ರಂಕು ಹೊತ್ತು ಗಂಡನ ಮನೆ ಬಿಟ್ಟಳು. ಊರು ದಾಟಿದಳು. ಬಂದರಿಗೆ ಬಂದಳು. ಹಡಗಿಗೆ ಕಾಯತೊಡಗಿದಳು. ಅಲ್ಲಿಗೆ ಮೇಡಂ ಬೆರಳು ನಿಂತವು. ಈಕೆ ಯಾಕೆ ಹೊರಟಳು? ಎಲ್ಲಿಗೆ ಹೋಗಬೇಕು? ಮೇಡಂಗೆ ಗೊತ್ತಿದ್ದರೆ ತಾನೆ ಅವಳಿಗೆ ಗೊತ್ತಾಗುವುದು! ತಕ್ಷಣಕ್ಕೆ ಅವರು ಸಮುದ್ರದ ಮೇಲೆ ಸ್ವಲ್ಪ ಮಂಜು ಕವಿಸಿದರು.

ಭೂಗೋಳದ ಟೀಚರ್ ಕವಿಸಿದ ಮಂಜೆಂದರೆ ಸಾಮಾನ್ಯವೇ? ತೇವಾಂಶ, ಉಷ್ಣಾಂಶ, ಗಾಳಿಯ ದಿಕ್ಕು, ತಣ್ಣನೆಯ ಪ್ರವಾಹ! ಪುಟದ ಮೇಲೆ ಪುಟ ಮಂಜು. ಕಥಾನಾಯಕಿ ಕೈಯಲ್ಲಿದ್ದ ಟ್ರಂಕೂ ಕಾಣದಷ್ಟು ಮಂಜು. ಮಂಜು ಬರೆಯಲು ಬೇಸರವಾದಾಗ ಮೇಡಂ ಎದ್ದು ಫ್ಯಾನಿನ ರೆಕ್ಕೆ ಒರೆಸಿದರು, ಚಮಚಗಳನ್ನು ಎತ್ತರದ ಪ್ರಕಾರ ಜೋಡಿಸಿದರು, ಎಂದೂ ಯಾರೂ ಮುಟ್ಟದ ಅಟ್ಟದ ಡಬ್ಬಿಗಳನ್ನು ಇಳಿಸಿ ತೊಳೆದು ಮತ್ತೆ ಅಲ್ಲೇ ಇಟ್ಟರು. ಮನೆ ಇಷ್ಟು ಥಳಥಳ ಹೊಳೆದದ್ದು ಆ ಮದುವೆಯ ಇತಿಹಾಸದಲ್ಲೇ ಮೊದಲು.

ಹಲಗೆಯ ಮೇಲೆ ಉತ್ಪಾದನೆ ಗುರಿಯನ್ನು ದಾಟಿಹೋದದ್ದು ನೋಡಿ ಸೂಪರ್‌ವೈಸರಿಗೆ ಹೆಮ್ಮೆಯಾಯಿತು. ಗುಣಮಟ್ಟ ಪರೀಕ್ಷೆಗೆಂದು ಓದಲು ಕುಳಿತರು. ಹುಬ್ಬು ಮೇಲೇರಿತು.

"ಇದೇನು, ಬರೀ ಮಂಜೇ ಇದೆ? ಹಡಗು ಯಾವಾಗ ಬರುತ್ತೆ?"

"ಮಂಜು ಕರಗಿದ್ಮೇಲೆ."

"ಮಂಜು ಯಾವಾಗ ಕರಗುತ್ತೆ?"

"ನನಗೇನ್ರೀ ಗೊತ್ತು?"

"ಭೂಗೋಳದ ಟೀಚರ್ ನೀನು! ನಿನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಮೇಡಂ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಮತ್ತೆ ಅದೇ ನಲ್ಲಿಯ ಸದ್ದು. ಹೊರಗೆ ಸೂಪರ್‌ವೈಸರ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತರು. ಕಾರ್ಖಾನೆಯಲ್ಲಿ ಮೆಷಿನ್ ಅಳುವುದಿಲ್ಲವಾದ್ದರಿಂದ ಈ ಸಂದರ್ಭಕ್ಕೆ ಅವರಿಗೆ ತರಬೇತಿ ಸಿಕ್ಕಿರಲಿಲ್ಲ.

"ಯಾಕೋ?" ಎಂದು ಪಿಸುಗುಟ್ಟಿದರು ಅತ್ತೆ.

"ಹಡಗು ಬರ್ತಿಲ್ವಂತೆ ಅಮ್ಮ."

"ಅಯ್ಯೋ, ಅಷ್ಟಕ್ಕಾ? ನಾವು ತರೋಣ ಬಿಡೋ!"

ಮಾರನೆಯ ದಿನ ಮಧ್ಯಾಹ್ನ ಹೊಸ ವರ್ಷದ ವೇಳಾಪಟ್ಟಿಯ ವಿಚಾರಕ್ಕೆ ಮೇಡಂ ಶಾಲೆಗೆ ಹೋಗಬೇಕಾಯಿತು. ಬೆಳಗಿನ ಪಾಳಿ ಮುಗಿಸಿ ಬಂದ ಸೂಪರ್‌ವೈಸರ್ ಮನೆಯಲ್ಲಿದ್ದರು. ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು. ಅದಕ್ಕೆ ಪಾಸ್‌ವರ್ಡ್ ಇರಲಿಲ್ಲ. ಎರಡನೇ ಪಾಳಿ ಶುರುವಾಯಿತು! ಅತ್ತೆ ಹೇಳುತ್ತಾ ಹೋದರು, ಮಗ ಎರಡೇ ಬೆರಳಿನಲ್ಲಿ ಕುಟ್ಟುತ್ತಾ ಹೋದರು.

ಮೇಡಂ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ತಾಯಿ ಮಗನ ಮುಖದಲ್ಲಿ ಏನೋ ಉಪಕಾರ ಮಾಡಿದ ಕಳೆಯಿತ್ತು. ಲ್ಯಾಪ್‌ಟಾಪ್ ತೆರೆದರು. ಮಂಜಿಲ್ಲ! ಝಗಝಗಿಸುವ ಬಿಸಿಲು! ಬಂದರಿನಲ್ಲಿ ಹಡಗು! ಹಡಗಿನ ಮೆಟ್ಟಿಲ ಮೇಲೆ ನಿಂತು ಕೈ ಬೀಸುತ್ತಿರುವವರು ಯಾರು? ಕಥಾನಾಯಕಿಯ ಅತ್ತೆ!

'ವಯಸ್ಸಾದರೂ ಅತ್ತೆಯ ಮುಖ ಹುಣ್ಣಿಮೆಯಂತಿತ್ತು. ಒಬ್ಬಳೇ ಹೋಗ್ತೀಯಾ ಹುಚ್ಚಿ, ನಾನೂ ಬರ್ತೀನಿ ನಡಿ, ಎಂದರು ಆ ಮಹಾತಾಯಿ. ಅಷ್ಟರಲ್ಲಿ ಎಂಜಿನ್ ಕೋಣೆಯ ಸೂಪರ್‌ವೈಸರ್ ಹೊರಗೆ ಬಂದ. ಅವನ ಮೀಸೆ ಬಹಳ ಚೆನ್ನಾಗಿತ್ತು.'

"ಯಾರ್ರೀ ಇದನ್ನ ಬರೆದಿದ್ದು?" ಮೇಡಂ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.

"ಲೈನ್ ನಿಲ್ಬಾರ್ದು ಅಂತ..."

"ಮೀಸೆ ಯಾಕೆ ಬಂತು? ಯಾರ ಮೀಸೆ ಅದು?"

ಸೂಪರ್‌ವೈಸರ್ ತಮ್ಮ ಮೀಸೆಯನ್ನು ಕೈಯಿಂದ ಮುಚ್ಚಿಕೊಂಡರು. "ಅದು ಕಾಲ್ಪನಿಕ."

"ಮಹಾತಾಯಿ ಅಂತ ನಾನು ಹೇಳಿರ್ಲಿಲ್ಲಪ್ಪ," ಎಂದರು ಅತ್ತೆ ಸಂಕೋಚದಿಂದ. "ಅದು ಇವನೇ ಸೇರ್ಸಿದ್ದು. ಇದ್ರೆ ಇರ್ಲಿ ಅಂತ ಬಿಟ್ಟೆ."

ಮೇಡಂ ಕೋಣೆಗೆ ನುಗ್ಗಿ ಬಾಗಿಲು ಧಡಾರೆಂದು ಹಾಕಿದರು. ಅಳಿಸಿಹಾಕಲು ಬೆರಳು ಎತ್ತಿದವರು ಒಂದು ಕ್ಷಣ ತಡೆದರು. ಬರೀ ಅಳಿಸಿದರೆ ಸಾಲದು ಎನ್ನಿಸುವಷ್ಟು ಸಿಟ್ಟು ಬಂದಿತ್ತು. ಹಡಗು ಹೊರಡಿಸಿದರು. ನಡುಗಡಲಿಗೆ ಒಯ್ದರು. ಬಿರುಗಾಳಿ ಎಬ್ಬಿಸಿದರು. ಆ ಹುಣ್ಣಿಮೆ ಮುಖದ ಮಹಾತಾಯಿಯನ್ನು ಒಂದೇ ಅಲೆಯಲ್ಲಿ ಸಮುದ್ರಕ್ಕೆ ಎಸೆದರು! ಮೀಸೆಗೆ ಬಾಯ್ಲರಿನ ಬೆಂಕಿ ತಗುಲಿಸಿದರು! ತಲೆಯೆತ್ತಿ ನೋಡಿದಾಗ ಚಹಾ ಆರಿ ಕೆನೆಗಟ್ಟಿತ್ತು. ಒಂದು ಇಡೀ ಅಧ್ಯಾಯ ಮುಗಿದಿತ್ತು.

ಸುದ್ದಿ ಅತ್ತೆಯನ್ನು ತಲುಪಲು ತಡವಾಗಲಿಲ್ಲ.

"ನನ್ನನ್ನ ಸಮುದ್ರಕ್ಕೆ ಹಾಕಿದ್ಯಂತೆ?"

"ನಿಮ್ಮನ್ನಲ್ಲ ಅತ್ತೆ. ಕಾದಂಬರಿಯ ಅತ್ತೇನ."

"ಒಂದು ಶಾಲು ಆದ್ರೂ ಹೊದಿಸಿ ಹಾಕ್ಬಾರ್ದಿತ್ತಾ? ನೀರು ತಣ್ಣಗಿರುತ್ತೆ!" ಎಂದು ಮುಖ ತಿರುಗಿಸಿಕೊಂಡ ಅತ್ತೆ ಆ ಸಂಜೆ ಸೊಸೆ ಕೊಟ್ಟ ಚಹಾ ಕುಡಿಯಲಿಲ್ಲ. ಮಗನಿಂದ ಬೇರೆ ಮಾಡಿಸಿಕೊಂಡು ಎರಡು ಲೋಟ ಕುಡಿದರು.

ಮರುದಿನ ಮೇಡಂ ಸ್ನಾನ ಮುಗಿಸಿ ಬಂದು ನೋಡಿದರೆ, ಅಧ್ಯಾಯದ ಕೊನೆಗೆ ಒಂದು ಸಾಲು ಹೊಸದಾಗಿ ಸೇರಿತ್ತು: 'ಆದರೆ ಅತ್ತೆಗೆ ಈಜು ಬರುತ್ತಿತ್ತು.'

ಅಲ್ಲಿಂದ ನಡೆದದ್ದು ಮಹಾಯುದ್ಧ! ಸೊಸೆ ಅತ್ತೆಯನ್ನು ನಿರ್ಜನ ದ್ವೀಪಕ್ಕೆ ಹಾಕಿದರೆ, ಅತ್ತೆ ಅಲ್ಲೊಂದು ಬಾವಿ ತೋಡಿಸಿ ನೆರೆಹೊರೆಯನ್ನು ಸೇರಿಸಿಬಿಡುತ್ತಿದ್ದರು. ಸೊಸೆ ಜ್ವರ ಬರಿಸಿದರೆ, ಅತ್ತೆ ಸೊಪ್ಪು ಅರೆದು ಕುಡಿದು ಏಳುತ್ತಿದ್ದರು. ಮೀಸೆ ಸುಟ್ಟಷ್ಟೂ ದಟ್ಟವಾಗಿ ಬೆಳೆಯುತ್ತಿತ್ತು. ಪ್ರತಿ ಬೆಳಗ್ಗೆ ಮೇಡಂ ಹಲ್ಲುಜ್ಜುವ ಮೊದಲೇ ಲ್ಯಾಪ್‌ಟಾಪ್ ತೆರೆದು, "ಏನ್ ಮಾಡಿಟ್ಟಿದಾರೋ ನೋಡೋಣ!" ಎಂದು ಹಲ್ಲು ಕಡಿದು, ಕೂತಲ್ಲೇ ಬರೆಯತೊಡಗುತ್ತಿದ್ದರು. ಫ್ಯಾನಿನ ಮೇಲೆ ಮತ್ತೆ ಧೂಳು ಕೂತಿತು. ಚಮಚಗಳು ಫೋರ್ಕುಗಳೊಂದಿಗೆ ಬೆರೆತುಹೋದವು.

"ಇಷ್ಟು ಕೋಪ ಇದ್ರೆ ಒಂದು ಪಾಸ್‌ವರ್ಡ್ ಹಾಕ್ಕೋಬಾರ್ದಾ?" ಎಂದು ಒಂದು ದಿನ ಗಂಡ ಕೇಳಿದರು.

ಮೇಡಂ ತಡವರಿಸಿದರು. "ಹಾಕ್ಬೇಕು... ಪುರುಸೊತ್ತೇ ಆಗಿಲ್ಲ."

ಪಾಸ್‌ವರ್ಡ್ ಹಾಕಲು ಎಷ್ಟು ಹೊತ್ತು ಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಸೂಪರ್‌ವೈಸರ್ ಮೀಸೆಯೊಳಗೇ ನಕ್ಕರು.

ಕೊನೆಯ ಅಧ್ಯಾಯದ ಹೊತ್ತಿಗೆ ಮೇಡಂ ಒಂದು ಸಲ ನಿಜವಾಗಿಯೂ ಆ ಅತ್ತೆಯನ್ನು ತೆಗೆದುಹಾಕಲು ಹೊರಟರು. ಹಡಗಿನ ಡೆಕ್ ಮೇಲೆ ಕಥಾನಾಯಕಿಯನ್ನು ಒಬ್ಬಳನ್ನೇ ನಿಲ್ಲಿಸಿ ನೋಡಿದರು. ಆಕೆ ಏನೂ ಮಾತಾಡಲಿಲ್ಲ. ಮಾತಾಡಲು ಯಾರಿದ್ದರು? ಮೇಡಂ ಬಹಳ ಹೊತ್ತು ಕಿಟಕಿಯಾಚೆ ನೋಡಿದರು. ಮನೆ ಬಿಟ್ಟ ದಿನ 'ಎಲ್ಲಿಗೆ ಹೊರಟೆ' ಎಂದು ಒಬ್ಬರಾದರೂ ಕೇಳಲಿ ಎಂದು ಆಕೆ ಹೊಸ್ತಿಲಲ್ಲಿ ಕಾದಿದ್ದಳು, ಯಾರೂ ಕೇಳಿರಲಿಲ್ಲ ಎಂಬುದು ಅವರಿಗೆ ಹೊಳೆದದ್ದು ಆಗ. ಅತ್ತೆಯನ್ನು ಮತ್ತೆ ಕರೆತಂದು ಪಕ್ಕದಲ್ಲಿ ನಿಲ್ಲಿಸಿದರು. ಈ ಸಲ ಶಾಲನ್ನೂ ಹೊದಿಸಿದರು. ಆ ಶಾಲಿನ ಅತ್ತೆ ಕೇಳಿದರು, ಕಥಾನಾಯಕಿ ಹೇಳಿದಳು, ಕಾದಂಬರಿ ಮುಗಿಯಿತು.

ಮುಗಿಯಿತು! ರಜೆ ಇನ್ನೂ ಬಾಕಿ ಇತ್ತು! ಮೇಡಂ ಮನೆತುಂಬ ಓಡಾಡಿ ಕೂಗಿದರು. ಪ್ರಕಾಶಕರಿಗೆ ಕಳಿಸಿದ್ದೂ ಆಯಿತು. ಕೆಲವು ದಿನಗಳಲ್ಲೇ ಅವರ ಫೋನ್ ಬಂತು. ಹೊಗಳಿಕೆ ಮನೆಮಂದಿಗೆಲ್ಲ ಕೇಳಲಿ ಎಂದು ಮೇಡಂ ಸ್ಪೀಕರ್ ಹಾಕಿದರು.

"ಒರಟಾಗಿದೆ, ತಿದ್ದೋದು ಬಹಳ ಇದೆ. ಆದ್ರೆ ಮೇಡಂ, ಆ ಅತ್ತೆ! ಆ ಈಜು ಬರೋ ಅತ್ತೆ! ಎಲ್ಲಿಂದ ತಂದ್ರಿ ಅವರನ್ನ?"

ಸೋಫಾದ ಮೇಲೆ ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು.

"ಹಾಗೇ... ಕಲ್ಪನೆ ಸಾರ್," ಎಂದರು ಮೇಡಂ, ಅತ್ತ ನೋಡದೆ.

"ಇದನ್ನ ತಿದ್ದೋ ಜೊತೆಗೇ ಎರಡನೇ ಭಾಗಾನೂ ಶುರು ಮಾಡಿ. ಬರೀ ಆ ಅತ್ತೆಯ ಕಥೆ. ಆಗುತ್ತಾ?"

"ಆಗದೆ ಏನ್ ಸಾರ್? ನಾನು ಕೂತ್ರೆ ನಿಲ್ಲೋಳೇ ಅಲ್ಲ!"

ಫೋನಿಟ್ಟ ಮೇಲೆ ಮೇಡಂ ಲ್ಯಾಪ್‌ಟಾಪ್ ಎತ್ತಿಕೊಂಡು ಸೋಫಾದ ತುದಿಯಲ್ಲಿ ಬಂದು ಕೂತರು. ಗಂಟಲು ಸರಿಮಾಡಿಕೊಂಡರು.

"ಅತ್ತೆ... ನೀವು ಚಿಕ್ಕವರಿದ್ದಾಗ ಹೇಗಿದ್ರಿ?"

"ಕಲ್ಪನೆ ಮಾಡ್ಕೊ."

"ಅತ್ತೇ... ದಯವಿಟ್ಟು."

ಅತ್ತೆ ಕಾಲು ಮಡಿಸಿ ಕೂತು, ಕಣ್ಣು ಮುಚ್ಚಿ, ಹೇಳಲು ಶುರುಮಾಡಿದರು ನೋಡಿ! ಹುಟ್ಟಿದ ಮನೆ, ಕದ್ದು ತಿಂದ ಹಣ್ಣು, ಓಡಿಸಿಕೊಂಡು ಬಂದ ಹಸು, ಬಾವಿಗೆ ಹಾರಿ ಈಜು ಕಲಿತದ್ದು, ಬಿಟ್ಟ ಶಾಲೆ, ಒಲ್ಲದ ಗಂಡುಗಳು. ಉಸಿರು ತೆಗೆದುಕೊಳ್ಳುವುದಕ್ಕೂ ಬಿಡುವಿಲ್ಲ! ಮೇಡಂ ಬೆರಳುಗಳು ತಡವರಿಸಿದವು, ಎಡವಿದವು, ಮರಗಟ್ಟಿದವು.

"ಸ್ವಲ್ಪ ತಡೀರಿ ಅತ್ತೆ, ಕೈ ನೋಯ್ತಿದೆ..."

ಅತ್ತೆ ಒಂದು ಕಣ್ಣು ತೆರೆದು ಸೊಸೆಯನ್ನು ನೋಡಿ, ಒಳಗಿನ ಕೋಣೆಯತ್ತ ತಿರುಗಿ ಕೂಗಿದರು:

"ಮಗಾ, ಇವಳ ಕೈಲಿ ಆಗಲ್ಲ ಕಣೋ. ಬೇರೆ ಟೈಪಿಸ್ಟ್ ಯಾರಾದ್ರೂ ಸಿಗ್ತಾರಾ ನೋಡು!"