ನಮ್ಮ ಬೈಲಿನ ತೋಡು ಹರಿದ ಬಗೆ

ಊರಿನವರೆಲ್ಲ ಒಗ್ಗಟ್ಟಾಗಿ ಒಂದು ಕೆಲಸಕ್ಕೆ ಇಳಿದರೆ ಕೆಲಸ ಆಗುತ್ತದೋ ಇಲ್ಲವೋ, ನಗುವಿಗಂತೂ ಕೊರತೆಯಾಗದು. ಅಲೆವೂರಿನ ನಮ್ಮ ಬೈಲಿನ ಗದ್ದೆಗಳ ನೀರೆಲ್ಲ ಹೊರಹೋಗುವುದು ಒಂದೇ ತೋಡಿನಲ್ಲಿ. ಅದರಲ್ಲಿ ಹೂಳು ತುಂಬಿದರೆ ಮೊದಲು ಮುಳುಗುವುದು ಕೆಳಗದ್ದೆಯ ಬಾಯಮ್ಮನವರು ನಾಟಿಗೆಂದು ಬೆಳೆಸಿದ ನೇಜಿ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದ ನಾನು ತೋಡು ಸಮಿತಿಯ ಕಾರ್ಯದರ್ಶಿ.

ಒಮ್ಮತ

ಹೂಳೆತ್ತಬೇಕೆಂದು ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು. "ಯಾರ ಗದ್ದೆಯ ಬದಿಯಿಂದ ಆರಂಭಿಸೋಣ?" ಎಂದೆ.

"ನನ್ನದು ಆಮೇಲಾದರೂ ಅಡ್ಡಿಯಿಲ್ಲ ಟೀಚರೇ, ಮೊದಲು ಇವರದ್ದಾಗಲಿ," ಎಂದು ಪ್ರತಿಯೊಬ್ಬರೂ ಪಕ್ಕದವರನ್ನು ತೋರಿಸಿದರು.

ಇಷ್ಟೊಂದು ನಿಸ್ವಾರ್ಥಿಗಳನ್ನು ಒಂದೇ ಚಾವಡಿಯಲ್ಲಿ ನಾನು ಕಂಡದ್ದು ಅದೇ ಮೊದಲು.

ಹೂಳು

ಅಂತೂ ಕೆಲಸ ಆರಂಭವಾಯಿತು. ಆಚೆ ದಡದವರು ಹೂಳನ್ನು ಈಚೆಗೆ ಎಸೆದರು, ಈಚೆಯವರು ಆಚೆಗೆ.

"ಇದೆಂತ? ಅವರವರ ಹೂಳು ಅವರವರ ದಡದಲ್ಲೇ ಇರಲಿ," ಎಂದು ಗದರಿದೆ.

ಆಚೆ ದಡದ ಹಿರಿಯರು ಬೆವರೊರೆಸಿಕೊಂಡು ಹೇಳಿದರು: "ಇದು ಅವರ ಗದ್ದೆಯಿಂದಲೇ ಕೊಚ್ಚಿ ಬಂದ ಮಣ್ಣು ಟೀಚರೇ. ಪರರ ಸೊತ್ತು ನಮಗೆ ಬೇಡ."

ಸಮಾರಂಭ

ತೋಡು ಸ್ವಚ್ಛವಾಯಿತು, ಸಮಾರಂಭವಿಲ್ಲದೆ ಮುಗಿಸುವುದುಂಟೇ? ಎರಡೂ ದಡಗಳಲ್ಲಿ ಹೂಳಿನ ರಾಶಿಯಿದ್ದುದರಿಂದ, ಕೆಳಗದ್ದೆಯ ಕೊನೆಯಲ್ಲಿ, ತೋಡಿನೊಳಗೇ ಕೆಂಪುಕಲ್ಲು ಪೇರಿಸಿ ವೇದಿಕೆ ಕಟ್ಟಿದರು. ಸಮಿತಿಯ ಅಧ್ಯಕ್ಷರ ಭಾಷಣದ ನಡುವೆ ಮಳೆ ಹೊಡೆಯಿತು. ಸಭೆ ಕುರ್ಚಿಗಳೊಂದಿಗೆ ಓಡಿತು.

ಮರುದಿನ ಬೆಳಿಗ್ಗೆ ಬಾಯಮ್ಮ ಫೋನ್ ಮಾಡಿದರು. "ಟೀಚರೇ, ನೇಜಿಯ ತುದಿ ಮಾತ್ರ ಕಾಣುವುದು. ನೀರು ಹೀಗೇ ನಿಂತರೆ ಕೊಳೆತು ಹೋಗುತ್ತದೆ. ಮತ್ತೆ ನಾಟಿಗೆ ಎಂತ ಉಂಟು?"

ಹೋಗಿ ನೋಡಿದರೆ, ನಮ್ಮ ವೇದಿಕೆ ಅಣೆಕಟ್ಟಾಗಿ ನೀರನ್ನು ತಡೆದು ನಿಂತಿದೆ. ಅಧ್ಯಕ್ಷರೂ ಕೊಡೆ ಹಿಡಿದು ಬಂದರು.

"ಈಗ ಕೀಳುವುದು ಹೇಗೆ? ಸಭೆ ಮುಗಿಯಲಿಲ್ಲವಲ್ಲ. ನನ್ನ ಮಾತು ಅರ್ಧದಲ್ಲಿ ಉಂಟು, ಧನ್ಯವಾದವೂ ಬಾಕಿ."

"ಹಾಗಾದರೆ ಬೇಗ ಮುಗಿಸಿ ಮಾರಾಯ್ರೆ!" ಎಂದರು ಬಾಯಮ್ಮ.

ಅಧ್ಯಕ್ಷರು ನಿಜಕ್ಕೂ ವೇದಿಕೆಯೇರಿ, "ಸಹಕಾರವೆಂದರೆ..." ಎಂದು ಬಿಟ್ಟಲ್ಲಿಂದಲೇ ಹಿಡಿದರು. ಬಾಯಮ್ಮ ಸೆರಗು ಸಿಕ್ಕಿಸಿ, ಹಾರೆಯೊಂದಿಗೆ ತೋಡಿಗಿಳಿದರು.

"ನೀವು ಮಾತಾಡಿ. ಧನ್ಯವಾದ ನಾನು ಶುರು ಮಾಡುತ್ತೇನೆ," ಎಂದು ಅಡಿಗಲ್ಲನ್ನು ಮೀಟಿಯೇ ಬಿಟ್ಟರು.

ನೀರು ಹೋಯಿತು, ವೇದಿಕೆಯೂ ಹೋಯಿತು. ಗದ್ದೆಯಲ್ಲಿ ನೇಜಿ ಮೆಲ್ಲನೆ ತಲೆಯೆತ್ತಿತು. ಸೊಂಟದವರೆಗೆ ಕೆಸರಿನಲ್ಲಿ ಕುಳಿತ ಅಧ್ಯಕ್ಷರು, ಕೊಡೆಯನ್ನು ಮಾತ್ರ ನೆಟ್ಟಗೆ ಹಿಡಿದು, ನಮ್ಮಿಬ್ಬರಿಗೂ ಕೈಮುಗಿದರು:

"ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ."